ಕಡೇಚೂರಿನ ರಾಡಿಯಲ್ಲಿ ನಾಲ್ಕು ದಿನ

ದಸರಾ ರಜೆಗೆ ಎಲ್ಲಿಗೆ ಹೊರಟಿರಿ ಎಂದು ಕೇಳಿದವರಿಗೆ ‘ಕಡೇಚೂರಿಗೆ’ ಎಂದರೆ ಎರಡನೆಯ ಪ್ರಶ್ನೆ ತಪ್ಪದೆ ಬರುತ್ತಿತ್ತು: ‘ಅದೆಲ್ಲಿದೆ?’ ಯಾದಗಿರಿ ಜಿಲ್ಲೆ ಎಂದ ಮೇಲೆ ಮೂರನೆಯದು: ‘ಅಲ್ಲೇನಿದೆ?’ ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳಿಗೆ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿತ್ತು. ಗೆಳತಿಯರೆಲ್ಲ ಮೈಸೂರು, ಮಡಿಕೇರಿ, ಗೋವಾ ಎಂದು ಪಟ್ಟಿ ಹೇಳುತ್ತಿರುವಾಗ ತಾನೊಬ್ಬಳು ಕೆಸರು ತುಳಿಯಲು ಹೋಗಬೇಕೇ ಎಂಬುದು ಅವಳ ದೂರು. ಅವಳ ಮಟ್ಟಿಗೆ ಯಾದಗಿರಿ ಎಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯ ಪಟ್ಟಿಯ ತಳದಲ್ಲಿ ಕಾಣುವ ಹೆಸರು. 2024ರಲ್ಲಿ ಆ ಜಿಲ್ಲೆ ರಾಜ್ಯಕ್ಕೇ ಕೊನೆಯದಾಗಿತ್ತು. ಪಟ್ಟಿಯ ತಳದಲ್ಲಿರುವ ಊರಿನಲ್ಲಿ ನೋಡುವಂಥದ್ದು ಏನಿದ್ದೀತು ಎಂದು ಹುಡುಗಿ ಯೋಚಿಸಿದರೆ ತಪ್ಪು ಅವಳದಲ್ಲ.

ನಮಗೆ ಹೋಗಲು ಕಾರಣವಿತ್ತು. ನನ್ನ ಹೆಂಡತಿಯ ಅಕ್ಕನನ್ನು ಕೊಟ್ಟಿರುವುದು ಕಡೇಚೂರಿನ ಆಸುಪಾಸಿನ ಒಂದು ಸಣ್ಣ ಹಳ್ಳಿಗೆ. ವರ್ಷಗಟ್ಟಲೆ ‘ಬರ್ರಿ, ಬರ್ರಿ’ ಎಂದು ಕರೆಯುತ್ತಿದ್ದ ನನ್ನ ಷಡ್ಡಕರು, ನಾವು ಹೊರಟೇಬಿಟ್ಟೆವು ಎಂದಾಗ ಫೋನಿನಲ್ಲಿ ತುಸು ಗಾಬರಿಯಾದರು. ‘ಈಗ ಬ್ಯಾಡ್ರಿ ಮಾಸ್ತರ್ರ, ಎಲ್ಲಾ ಕಡಿ ರಾಡಿ ಆಗ್ಯಾದ. ಎಳ್ಳಮವಾಸಿಗಿ ಬರ್ರಿ’ ಎಂದರು. ಆ ಸೀಮೆಯಲ್ಲಿ ಕೆಸರಿಗೆ ರಾಡಿ ಎನ್ನುತ್ತಾರೆ. ಟಿಕೆಟ್ ಆಗಿಹೋಗಿದೆ ಎಂದು ನಾನು ಸುಳ್ಳು ಹೇಳಿದೆ. ಹಬ್ಬದ ಸಡಗರದಲ್ಲಿ ಊರು ನೋಡುವುದು ಎಲ್ಲರೂ ಮಾಡುವ ಕೆಲಸ. ಯಾರೂ ಬಾರದ ಕಾಲದಲ್ಲಿ ಊರು ಹೇಗಿರುತ್ತದೆ ಎಂದು ನೋಡುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಕೆಸರಿನ ಕಾಲ ಎಂಬುದು ನಮಗೊಬ್ಬರಿಗೇ ಇರುವುದಲ್ಲ. ಅಮೆರಿಕದ ವರ್ಮಾಂಟ್ ಎಂಬ ಗುಡ್ಡಗಾಡು ರಾಜ್ಯದಲ್ಲಿ ಚಳಿಗಾಲದ ಹಿಮ ಕರಗಿ ಮಣ್ಣಿನ ರಸ್ತೆಗಳೆಲ್ಲ ಹೂಳುವ ಮಾರ್ಚ್–ಏಪ್ರಿಲ್ ತಿಂಗಳುಗಳಿಗೆ ‘ಕೆಸರಿನ ಋತು’ ಎಂದೇ ಹೆಸರು. ಪ್ರವಾಸಿಗರು ಬಾರದ ಆ ದಿನಗಳಲ್ಲಿ ಊರು ನಿಶ್ಶಬ್ದವಾಗಿರುತ್ತದೆ. ನಿಶ್ಶಬ್ದವನ್ನು ಬಯಸುವ ಕೆಲವರು ಆಗಲೇ ಹೋಗುತ್ತಾರೆ. ರಷ್ಯನ್ನರು ಇಂಥ ಕಾಲಕ್ಕೆ ‘ರಸ್ಪುತಿತ್ಸ’ ಎನ್ನುತ್ತಾರೆ. ನಮ್ಮಲ್ಲಿ ಹಿಮವಿಲ್ಲ. ಆದರೆ ಭೀಮಾ–ಕೃಷ್ಣಾ ನದಿಗಳ ನಡುವಿನ ಎರೆಹೊಲದ ನಾಡಿನಲ್ಲಿ ಉತ್ತರಾ, ಹಸ್ತ, ಚಿತ್ತಾ ಮಳೆಗಳು ಸುರಿಯುವ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಿಗೆ ಆ ಹೆಸರನ್ನು ಧಾರಾಳವಾಗಿ ಕೊಡಬಹುದು.

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಗುಂತಕಲ್ಲು, ರಾಯಚೂರು ದಾಟಿ ಬೆಳಗಿನ ಜಾವಕ್ಕೆ ಯಾದಗಿರಿ. ರಾಯಚೂರು ಬಿಟ್ಟ ಸ್ವಲ್ಪ ಹೊತ್ತಿಗೆ ಕೃಷ್ಣಾ ನದಿಯ ಸೇತುವೆ ಬರುತ್ತದೆ. ಅರೆನಿದ್ದೆಯಲ್ಲಿದ್ದವರೂ ಏಳುವಂಥ ಸದ್ದು ಅದರದು. ಮುಂಬಯಿಯ ಕಡೆಯಿಂದ ಬಂದ ರೈಲು ಹಳಿ ಮದರಾಸಿನ ಕಡೆಯಿಂದ ಬಂದ ಹಳಿಯನ್ನು ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಈ ನಾಡು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಿಂದಲೂ ದೂರದ ಜನ ಇದರ ನಡುವೆ ಹಾದುಹೋಗುತ್ತಲೇ ಇದ್ದಾರೆ. ಇಳಿದವರು ಕಡಿಮೆ ಅಷ್ಟೆ.

ಯಾದಗಿರಿ ಪೇಟೆಯ ನೆತ್ತಿಯ ಮೇಲೆ ಬಂಡೆಗಳ ಬೆಟ್ಟ, ಅದರ ಮೇಲೆ ಕೋಟೆ. 2009ರ ಡಿಸೆಂಬರ್ ಕೊನೆಯಲ್ಲಿ ಗುಲ್ಬರ್ಗ ಜಿಲ್ಲೆಯಿಂದ ಬೇರೆಯಾಗಿ ಇದು ಜಿಲ್ಲಾ ಕೇಂದ್ರವಾಯಿತು. ಬಸ್ ನಿಲ್ದಾಣದ ಬಳಿ ಮಂಡಾಳಿನ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ತಿಂದೆವು. ಮಂಡಾಳು ಎಂದರೆ ಮಂಡಕ್ಕಿ, ಅಂದರೆ ನಮ್ಮ ಕಡೆಯ ಕಡಲೆಪುರಿ. ಬೆಳಗ್ಗೆ ಏಳಕ್ಕೆ ಮೆಣಸಿನಕಾಯಿ ಬಜ್ಜಿ ತಿನ್ನುವುದೇ ಎಂದು ಮೂಗು ಮುರಿದ ಮಗಳು ಎರಡನೆಯ ತಟ್ಟೆ ಕೇಳಿದಳು. ಸೈದಾಪುರದ ಕಡೆ ಹೊರಟ ಬಸ್ಸಿನಲ್ಲಿ ನಮ್ಮ ಚೀಲಗಳನ್ನು ನೋಡಿ ಕಂಡಕ್ಟರ್ ಕೇಳಿದರು: ‘ಲಗ್ನ ಅದ ಏನ್ರಿ?’ ಸುಮ್ಮನೆ ಊರು ನೋಡಲು ಎಂದೆ. ಅವರು ಟಿಕೆಟ್ ಹರಿದುಕೊಡುತ್ತ ನನ್ನ ಹೆಂಡತಿಯ ಮುಖ ನೋಡಿದರು, ಈ ಮನುಷ್ಯ ಸರಿಯಾಗಿದ್ದಾನೆಯೇ ಎಂಬಂತೆ.

ರಾಡಿಯ ಪಾಠ

ದೊಡ್ಡ ರಸ್ತೆಯಿಂದ ಹಳ್ಳಿಗೆ ತಿರುಗುವ ಕಡೆ ಷಡ್ಡಕರ ಮಗ ಟ್ರ್ಯಾಕ್ಟರ್ ತಂದು ನಿಲ್ಲಿಸಿಕೊಂಡಿದ್ದ. ಊರೊಳಗೆ ಸಿಮೆಂಟ್ ರಸ್ತೆ ಇದೆ. ಕಷ್ಟವೇನಿದ್ದರೂ ಹೊಲದ ದಾರಿಯದು. ಮಧ್ಯಾಹ್ನ ಹೊಲ ನೋಡಲು ಹೊರಟಾಗ ಮಗಳು ಹೊಸ ಸ್ಯಾಂಡಲ್ ಹಾಕಿಕೊಂಡಿದ್ದಳು. ‘ಚಪ್ಲಿ ಇಲ್ಲೇ ಬಿಡವ್ವಾ’ ಎಂದು ದೊಡ್ಡವ್ವ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಇಪ್ಪತ್ತು ಹೆಜ್ಜೆಗೆ ಪ್ರತಿ ಪಾದಕ್ಕೂ ಒಂದು ಸೇರಿನಷ್ಟು ಮಣ್ಣು ಮೆತ್ತಿತು. ಮೂವತ್ತನೆಯ ಹೆಜ್ಜೆಗೆ ಕಾಲು ಮೇಲೆ ಬಂತು, ಸ್ಯಾಂಡಲ್ ಬರಲಿಲ್ಲ. ಕೈಹಾಕಿ ಹುಡುಕಿ ತೆಗೆದಾಗ ಅದರ ಬಾರು ಕಿತ್ತಿತ್ತು. ಹುಡುಗಿ ಅಳುವುದೋ ನಗುವುದೋ ತಿಳಿಯದೆ ನಿಂತಳು. ಅಲ್ಲಿಂದ ಮುಂದೆ ನಾಲ್ಕು ದಿನವೂ ಅವಳು ಬರಿಗಾಲಿನಲ್ಲೇ ನಡೆದಳು.

ಇದೇ ಮಣ್ಣಿನ ಬಗ್ಗೆ ಅವಳು ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದಳು: ‘ಕಪ್ಪು ಮಣ್ಣು ತೇವಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ.’ ಬಾಯಿಪಾಠವಾಗಿದ್ದ ಆ ವಾಕ್ಯದ ಅರ್ಥವನ್ನು ಅವಳ ದೊಡ್ಡಪ್ಪ ಒಡ್ಡಿನ ಮೇಲೆ ಕುಳಿತು ಹೇಳಿದರು. ಈ ಮಣ್ಣಿನ ಕಣ ಬಹಳ ನುಣುಪು. ಅದರಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಇದೇ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಾಯಿಬಿಡುತ್ತವೆ. ಕೆಲವು ಗಜದುದ್ದ ಆಳ ಹೋಗುತ್ತವೆ. ಮೇಲುಮಣ್ಣು ಅದರೊಳಗೆ ಉದುರುತ್ತದೆ, ಮಳೆ ಬಂದಾಗ ಬಿರುಕು ಮುಚ್ಚಿ ಒಳಗಿನ ಮಣ್ಣು ಉಬ್ಬಿ ಮೇಲಕ್ಕೆ ಒತ್ತುತ್ತದೆ. ಹೀಗೆ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಿಂದಲೇ ಆಳಕ್ಕೆ ಇಳಿಯುತ್ತದೆ. ಒಮ್ಮೆ ಹೊಟ್ಟೆ ತುಂಬಿದ ಮೇಲೆ ಎರೆ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

‘ಜ್ವಾಳ ಈಗ ಬಿತ್ತತೀವಿ. ಆಮ್ಯಾಲ ಮಳಿ ಬರಂಗಿಲ್ಲ ಅಂದ್ರೂ ನಡೀತದ. ಸಂಕ್ರಮಣ ದಾಟಿ ರಾಶಿ ಆಗೋತನಕ ಈ ರಾಡಿ ಒಳಗಿನ ನೀರೇ ಅದಕ್ಕ ಊಟ’ ಎಂದರು ಷಡ್ಡಕರು.

ಹಿಂಗಾರಿ ಜೋಳದ ಗುಟ್ಟು ಇಷ್ಟೆ. ಮಾಲ್ದಂಡಿ ಎಂದು ಹೆಸರಾದ ಎಂ 35–1 ತಳಿಯ ಜೋಳವನ್ನು ಇಲ್ಲಿ ಕಾಲುವೆ ನೀರಿಲ್ಲದೆ, ಕೊಳವೆಬಾವಿಯಿಲ್ಲದೆ, ಮಣ್ಣು ಕೂಡಿಟ್ಟ ತೇವದ ಮೇಲೆಯೇ ಬೆಳೆಯುತ್ತಾರೆ. ಬಿತ್ತಿದ ಮೇಲೆ ಸುಮಾರು ನಾಲ್ಕು ತಿಂಗಳು ಅದು ನೆಲದ ಉಳಿತಾಯದಲ್ಲಿ ಬದುಕುತ್ತದೆ. ನಾವು ಪೇಟೆಯಲ್ಲಿ ಶಪಿಸುವ ಕೆಸರು ಇವರ ಲೆಕ್ಕದಲ್ಲಿ ಬ್ಯಾಂಕಿನ ಪಾಸ್‌ಬುಕ್. ಮಗಳು ಕಾಲಿನ ಮಣ್ಣನ್ನು ಕೆರೆದು ತೆಗೆಯುತ್ತಿದ್ದವಳು ಒಂದು ಕ್ಷಣ ಕೈ ನಿಲ್ಲಿಸಿ ಅದನ್ನು ನೋಡಿದಳು.

ಉಳಿದ ನಾಲ್ಕು ಎಕರೆ

ಕಡೇಚೂರು ಎಂದರೆ ಈಗ ಪತ್ರಿಕೆ ಓದುವವರಿಗೆ ನೆನಪಾಗುವುದು ಕೈಗಾರಿಕಾ ಪ್ರದೇಶ. ಕಡೇಚೂರು ಮತ್ತು ಬಾಡಿಯಾಳ ಗ್ರಾಮಗಳ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿಯನ್ನು 2011–12ರ ಹೊತ್ತಿಗೆ ಸರ್ಕಾರ ಸ್ವಾಧೀನಪಡಿಸಿಕೊಂಡಿತು. ರೈಲು ಬೋಗಿಗಳ ಚೌಕಟ್ಟು ತಯಾರಿಸುವ ಕಾರ್ಖಾನೆ ಬಂತು. ಔಷಧ, ರಾಸಾಯನಿಕ ಘಟಕಗಳು ಬಂದವು. ಗಾಳಿ ತಿರುಗಿದಾಗ ಬರುವ ದುರ್ವಾಸನೆಯ ಬಗ್ಗೆ ಸುತ್ತಲ ಹಳ್ಳಿಗಳವರು ದೂರು ಹೇಳುತ್ತಲೇ ಇದ್ದಾರೆ. ಭೂಮಿ ಕೊಟ್ಟ ಎಲ್ಲ ಮನೆಗಳಿಗೂ ಕೆಲಸ ಸಿಗಲಿಲ್ಲ ಎಂಬ ಅಳಲೂ ಇದೆ. ಬಿತ್ತುವ ಕಾಲ ಮುಗಿದ ಮೇಲೆ ಕೂಲಿ ಹುಡುಕಿಕೊಂಡು ಬೆಂಗಳೂರು, ಹೈದರಾಬಾದು, ಮುಂಬಯಿಗಳಿಗೆ ಗುಳೆ ಹೋಗುವುದು ಈ ಜಿಲ್ಲೆಯಲ್ಲಿ ಇನ್ನೂ ನಿಂತಿಲ್ಲ. ನಮ್ಮ ಬೀದಿಯಲ್ಲಿ ಏಳುವ ಕಟ್ಟಡಗಳ ಕೆಳಗೆ ತಗಡಿನ ಶೆಡ್ಡಿನಲ್ಲಿರುವವರನ್ನು ಕೇಳಿ ನೋಡಿ, ಯಾದಗಿರಿ, ಶಹಾಪುರ, ಸುರಪುರದ ಹೆಸರು ಕಿವಿಗೆ ಬೀಳುತ್ತದೆ.

ನನ್ನ ಷಡ್ಡಕರ ಮನೆಯಿಂದಲೂ ಭೂಮಿ ಹೋಗಿದೆ. ಬಂದ ಹಣ ಮನೆಯಾಯಿತು, ಟ್ರ್ಯಾಕ್ಟರ್ ಆಯಿತು, ಮಗಳ ಮದುವೆಯಾಯಿತು. ಈಗ ಉಳಿದಿರುವುದು ನಾಲ್ಕು ಎಕರೆ ಎರೆ. ಅದನ್ನೂ ಒಳ್ಳೆಯ ಬೆಲೆಗೆ ಕೊಡಿಸುತ್ತೇನೆಂದು ದಲಾಲಿಯೊಬ್ಬ ಬೇಸಿಗೆಯಿಂದ ಓಡಾಡುತ್ತಿದ್ದಾನಂತೆ. ಮಗ ಐಟಿಐ ಮುಗಿಸಿ ಅಲ್ಲೇ ಒಂದು ಕಡೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಅವನಿಗೆ ಮಾರುವ ಮನಸ್ಸು, ಅಪ್ಪನಿಗೆ ಇಲ್ಲ. ಊಟಕ್ಕೆ ಕುಳಿತಾಗ ಇಬ್ಬರೂ ಬೇರೆ ಮಾತಾಡುತ್ತಿದ್ದರು. ಆ ಮಾತು ಮಾತ್ರ ಬರುತ್ತಿರಲಿಲ್ಲ.

ಒಂದು ಸಂಜೆ ಒಡ್ಡಿನ ಮೇಲೆ ನಾನು ಹೊಲದ ಚೆಲುವನ್ನು ತುಸು ಹೆಚ್ಚೇ ಹೊಗಳಿದೆನೆಂದು ಕಾಣುತ್ತದೆ. ಹುಡುಗ ನಕ್ಕು ಹೇಳಿದ: ‘ನೋಡ್ಲಿಕ್ಕ ಛಲೋ ಅದ ಕಾಕಾ. ಮಳಿ ಕೈಕೊಟ್ಟ ವರ್ಷ ಒಮ್ಮಿ ಬಂದು ನೋಡ್ರಿ.’ ನನಗೆ ಉತ್ತರ ಹೊಳೆಯಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದದ್ದು ನನಗೆ ಸುದ್ದಿ. ಅವನಿಗೆ ಅದು ಬಡ್ಡಿ ಕಟ್ಟಿದ ವರ್ಷ. ರಜೆಗೆ ಬಂದವನು ಹೊಲ ಉಳಿಸಿಕೊಳ್ಳಿ ಎಂದು ಉಪದೇಶ ಮಾಡುವುದು ಸುಲಭ. ಪೇಟೆಯಿಂದ ಹಳ್ಳಿಗೆ ಹೋಗುವ ನಮ್ಮಂಥವರು ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಚೆನ್ನ.

ಆದರೆ ಅದೇ ಸಂಜೆ ಷಡ್ಡಕರು ಹೇಳಿದ ಇನ್ನೊಂದು ಮಾತೂ ಮರೆಯುವಂಥದ್ದಲ್ಲ. ದಲಾಲಿ ಮತ್ತೆ ಬಂದಿದ್ದನೇ ಎಂದು ನನ್ನ ಹೆಂಡತಿ ಕೇಳಿದಳು. ‘ಅವನ ಕಾರ್ ಈ ದಾರ್ಯಾಗ ಎಲ್ಲಿ ಬರ್ತದವ್ವಾ? ರಾಡಿ ಆರೋತನಕ ಅವನೂ ಬರಂಗಿಲ್ಲ, ಆ ಮಾತೂ ಬರಂಗಿಲ್ಲ’ ಎಂದು ಅವರು ನಕ್ಕರು. ಕೆಸರು ಆ ಮನೆಗೆ ಎರಡು ತಿಂಗಳ ನೆಮ್ಮದಿಯನ್ನೂ ಕೊಟ್ಟಿತ್ತು.

ಏನೂ ಮಾಡದ ಸುಖ

ಉಳಿದ ಹೊತ್ತು ನಾವು ಮಾಡಿದ್ದೇನು? ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬೆಳಗ್ಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದಿಗೆ ಏಳುವುದು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಮೊಸರು. ಮಳೆ ಬಿದ್ದರೆ ಕಟ್ಟೆಯ ಮೇಲೆ ಕುಳಿತು ನೋಡುವುದು, ನಿಂತರೆ ಹೊಲದ ಕಡೆ ಹೋಗುವುದು. ತೊಗರಿ ಮೊಣಕಾಲು ದಾಟಿ ಎದೆಯವರೆಗೆ ಬೆಳೆದು ನಿಂತಿತ್ತು. ಹತ್ತಿಯ ಹೂ ಬಿಳಿಯಾಗಿ ಅರಳಿ ಮಾರನೆಯ ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಮಗಳು ಗುರುತು ಕಟ್ಟಿಟ್ಟು ಪರೀಕ್ಷಿಸಿದಳು. ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಗಳಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು. ತಂತಿಯ ಮೇಲೆ ನೀಲಕಂಠ ಹಕ್ಕಿ. ಅದು ನಮ್ಮ ರಾಜ್ಯಪಕ್ಷಿ ಎಂದು ಪುಸ್ತಕದಲ್ಲಿ ಓದಿದ್ದವಳು ಅದು ರೆಕ್ಕೆ ಬಿಚ್ಚಿ ಹಾರಿದಾಗಲೇ ‘ಓ, ಇದಕ್ಕೇನಾ!’ ಎಂದದ್ದು. ಮುಚ್ಚಿದ ರೆಕ್ಕೆಯಲ್ಲಿ ಅದು ಸಾಧಾರಣ ಕಂದು ಹಕ್ಕಿ. ತೆರೆದಾಗ ಅದರ ನೀಲಿಯನ್ನು ನೋಡಬೇಕು.

ಸಂಜೆ ಕಟ್ಟೆಯ ಮೇಲಿನ ಮಾತಿನಲ್ಲಿ ಕನ್ನಡ, ತೆಲುಗು, ದಖ್ಖನಿ ಉರ್ದು ಮೂರೂ ಹೆಣೆದುಕೊಂಡು ಬರುತ್ತಿದ್ದವು. ತೆಲಂಗಾಣದ ಗಡಿ ಹತ್ತಿರದಲ್ಲೇ ಇದೆ. ಸೀರೆಗೆ ಹೆಸರಾದ ನಾರಾಯಣಪೇಟೆಗೆ ಇಲ್ಲಿಯವರು ಬಟ್ಟೆ ಕೊಳ್ಳಲು ಹೋಗಿಬರುತ್ತಾರೆ. ಒಬ್ಬ ಮುತ್ಯಾ, ಅಂದರೆ ಅಜ್ಜ, ಬೈಗುಳವನ್ನು ಒಂದು ಭಾಷೆಯಲ್ಲಿ, ಲೆಕ್ಕವನ್ನು ಇನ್ನೊಂದರಲ್ಲಿ, ಮಮತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ತ್ರಿಭಾಷಾ ಸೂತ್ರದ ಬಗ್ಗೆ ನಾವು ಚರ್ಚೆ ಮಾಡುತ್ತೇವೆ. ಇವರು ಅದನ್ನು ಶಾಲೆಗೆ ಹೋಗದೆಯೇ ಕಲಿತಿದ್ದಾರೆ.

ವಿಜಯದಶಮಿಯ ಸಂಜೆ ಊರ ಹೊರಗಿನ ಬನ್ನಿಮರಕ್ಕೆ ಪೂಜೆಯಾಯಿತು. ಎಲೆ ಹಂಚುವ ಹೊತ್ತು. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಒಬ್ಬರ ಕೈಗೆ ಒಬ್ಬರು ಎಲೆ ಇಟ್ಟು ಹಿರಿಯರ ಕಾಲಿಗೆ ನಮಸ್ಕರಿಸುವುದು ಇಲ್ಲಿಯ ರೂಢಿ. ವರ್ಷದಲ್ಲಿ ಮಾತು ಬಿಟ್ಟವರೂ ಆ ದಿನ ಬನ್ನಿ ಕೊಡುತ್ತಾರಂತೆ. ಹುಡುಗ ಅಪ್ಪನ ಕೈಗೆ ಎಲೆ ಇಟ್ಟು ಬಾಗಿದ. ಅಪ್ಪ ಅವನ ಬೆನ್ನ ಮೇಲೆ ಕೈಯಿಟ್ಟರು. ಅದಕ್ಕಿಂತ ಹೆಚ್ಚು ಏನೂ ನಡೆಯಲಿಲ್ಲ. ಆದರೆ ನನ್ನ ಹೆಂಡತಿ ಅತ್ತ ತಿರುಗಿ ಕಣ್ಣೊರೆಸಿಕೊಂಡಳು.

ಹದ ಬಂದ ದಿನ

ಎರಡು ದಿನ ಬಿಸಿಲು ಬಿದ್ದಿತು. ನಾಲ್ಕನೆಯ ದಿನ ಮುಂಜಾನೆ ಷಡ್ಡಕರು ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ, ಬಿಟ್ಟು ನೋಡಿದರು. ಅಂಟಿಕೊಂಡರೆ ಇನ್ನೂ ಹಸಿ, ಪುಡಿಯಾದರೆ ತಡವಾಯಿತು. ಉಂಡೆಯಾಗಿ ನಿಂತು ಬೆರಳು ತಾಕಿದರೆ ಒಡೆಯಬೇಕು. ಅದು ಹದ. ಆಗಸ್ಟಿನಲ್ಲಿ ಹೆಸರು ಕಿತ್ತು ಖಾಲಿ ಬಿಟ್ಟಿದ್ದ ಎರಡು ಎಕರೆಗೆ ಅಂದೇ ಜೋಳ ಬಿತ್ತಬೇಕು. ಇನ್ನೊಂದು ಮಳೆ ಬಂದರೆ ಮತ್ತೆ ವಾರ ಕಾಯಬೇಕು. ಬಾಡಿಗೆ ಎತ್ತಿನ ಜೋಡಿ ಬಂತು. ಮನೆಯಲ್ಲಿ ಟ್ರ್ಯಾಕ್ಟರ್ ಇದ್ದೂ ಎತ್ತೇಕೆ ಎಂದು ಕೇಳಿದೆ. ಈ ಹಸಿಯಲ್ಲಿ ಅದರ ಭಾರಕ್ಕೆ ನೆಲ ಗಟ್ಟಿಯಾಗುತ್ತದೆ ಎಂದರು.

ಕೂರಿಗೆಯ ಬಟ್ಟಲಿಗೆ ಕಾಳು ಬಿಡುವುದು ಹೆಂಗಸರ ಕೆಲಸ. ನಡೆಯುತ್ತಲೇ ಒಂದೇ ಸಮನೆ ಬೆರಳ ಸಂದಿನಿಂದ ಕಾಳು ಜಾರಬೇಕು. ಮಗಳು ನಾನೂ ಮಾಡುತ್ತೇನೆಂದು ಹಟ ಹಿಡಿದಳು. ದೊಡ್ಡವ್ವ ಅವಳ ಸೆರಗಿಗೆ, ಅಂದರೆ ಚೂಡಿದಾರದ ದುಪಟ್ಟಾಕ್ಕೆ, ಕಾಳು ಕಟ್ಟಿ ಕೈಹಿಡಿದು ಎರಡು ಸಾಲು ನಡೆಸಿದರು. ಮೂರನೆಯ ಸಾಲನ್ನು ಅವಳು ತಾನೇ ಬಿಟ್ಟಳು. ‘ಮುಂದ ಬಂದಾಗ ಗೊತ್ತಾಗ್ತದ, ಎಲ್ಲಿ ಒತ್ತಾಗಿ ಬಿದ್ದದ, ಎಲ್ಲಿ ಬಿಟ್ಟದ ಅಂತ’ ಎಂದು ದೊಡ್ಡಪ್ಪ ನಕ್ಕರು. ಸಂಜೆಯವರೆಗೆ ಎತ್ತಿನ ಹಗ್ಗ ಹಿಡಿದದ್ದು ಯಾರೆಂದುಕೊಂಡಿರಿ? ಆ ದಿನ ಕಾರ್ಖಾನೆಗೆ ರಜೆ ಹಾಕಿದ್ದ ಹುಡುಗ.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ಹೇಳಲಾರೆ. ರಾಡಿ ಆರುತ್ತದೆ, ಕಾರು ಬರುತ್ತದೆ, ಆ ಮಾತೂ ಬರುತ್ತದೆ. ಹೊರಡುವಾಗ ನಾನು ಏನೂ ಕೇಳದಿದ್ದರೂ ಷಡ್ಡಕರೇ ಹೇಳಿದರು: ‘ಈ ವರ್ಷ ಅಂತೂ ಬಿತ್ತೀವಿ.’

ನೀವೂ ಹೋಗುವುದಾದರೆ

ಕಡೇಚೂರಿನಲ್ಲಿ ಪ್ರವಾಸಿಗರಿಗೆಂದು ಏನೂ ಇಲ್ಲ. ನೆಂಟರೋ ಗೆಳೆಯರೋ ಇದ್ದರೆ ಅವರ ಮನೆ, ಇಲ್ಲದಿದ್ದರೆ ಯಾದಗಿರಿಯಲ್ಲಿ ವಸತಿ. ಯಾದಗಿರಿಯ ಕೋಟೆ ಹತ್ತಲು ಮಳೆ ಬಿಡುವು ಕೊಟ್ಟ ದಿನ ಆರಿಸಿಕೊಳ್ಳಿ, ಬಂಡೆ ಜಾರುತ್ತದೆ. ಒಂದು ದಿನ ಹೆಚ್ಚಿದ್ದರೆ ಶಹಾಪುರದ ಬಳಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲನ್ನು ನೋಡಿ ಸುರಪುರಕ್ಕೆ ಹೋಗಬಹುದು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಊರು ಅದು. ಅವನ ಬಾಲ್ಯದಲ್ಲಿ ಅಲ್ಲಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಮನೆ ಇಂದಿಗೂ ಟೇಲರ್ ಮಂಜಿಲ್ ಎಂದು ಹೆಸರಾಗಿದೆ. ಹತ್ತಿರದ ಬೋನಾಳದ ಕೆರೆ ಪಕ್ಷಿಧಾಮ. ವಲಸೆ ಹಕ್ಕಿಗಳು ಹೆಚ್ಚಾಗಿ ಬರುವುದು ಚಳಿಗಾಲಕ್ಕೆ.

ಕೆಲವು ಎಚ್ಚರಿಕೆಗಳು, ವಿಶೇಷವಾಗಿ ಮಕ್ಕಳನ್ನು ಕರೆದೊಯ್ಯುವವರಿಗೆ. ಹಿಂಗಾರು ಮಳೆಯಲ್ಲಿ ಸಿಡಿಲು ಹೆಚ್ಚು. ಮೋಡ ಗುಡುಗಿದರೆ ಮರದಡಿ ನಿಲ್ಲದೆ ಮನೆ ಸೇರಿ. ಭೀಮೆಯ ದಂಡೆಗೆ ಹೋಗುವುದಾದರೆ ಊರವರನ್ನು ಕೇಳಿಯೇ ಹೋಗಿ. ಇಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ನದಿ ಉಕ್ಕುತ್ತದೆ. 2020ರ ಅಕ್ಟೋಬರ್‌ನಲ್ಲಿ ಹೀಗೇ ದಂಡೆಯ ಹಳ್ಳಿಗಳನ್ನು ಖಾಲಿ ಮಾಡಿಸಬೇಕಾಯಿತು. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಇರಲಿ, ಹುಳಹುಪ್ಪಟೆಯ ಕಾಲ. ಕಾಯಿಸಿ ಆರಿಸಿದ ನೀರು ಕುಡಿಯಿರಿ. ಕೇಳದೆ ಯಾರ ಹೊಲಕ್ಕೂ ಇಳಿಯಬೇಡಿ. ಹಸಿ ಎರೆಯಲ್ಲಿ ನಮ್ಮ ಒಂದೊಂದು ಹೆಜ್ಜೆಯೂ ಗಟ್ಟಿ ಗುಳಿಯಾಗಿ ಉಳಿಯುತ್ತದೆ. ಒಡ್ಡಿನ ಮೇಲೆ ನಡೆಯಿರಿ. ಹೊಸ ಚಪ್ಪಲಿ ಬೇಡ.

ಮನೆಗೆ ಬಂದು ವಾರವಾದ ಮೇಲೆ ಮಗಳ ಪಾಠದ ಪುಸ್ತಕ ತೆರೆದು ನೋಡಿದೆ. ಕಪ್ಪು ಮಣ್ಣಿನ ಪಾಠದ ಪುಟದಲ್ಲಿ ‘ತೇವಾಂಶ’ ಎಂಬ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ‘ರಾಡಿ’ ಎಂದು ಬರೆದುಕೊಂಡಿದ್ದಳು. ಮೊನ್ನೆ ದೊಡ್ಡವ್ವನ ಫೋನು ಬಂದಿತ್ತು. ಜೋಳ ಮೊಳಕೆ ಒಡೆದಿದೆಯಂತೆ. ಮೂರನೆಯ ಸಾಲಿನಲ್ಲಿ ಮಾತ್ರ ಒಂದು ಕಡೆ ಗುಂಪಾಗಿ, ಒಂದು ಕಡೆ ಬೋಳು. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಬಂದು ಅದನ್ನು ಕಣ್ಣಾರೆ ನೋಡಬೇಕು ಎಂದು ಮಗಳು ಈಗಲೇ ರೈಲಿನ ಟಿಕೆಟ್ ವಿಚಾರ ತೆಗೆದಿದ್ದಾಳೆ. ಈ ಸಲ ನಾನು ಸುಳ್ಳು ಹೇಳಬೇಕಾಗಿಲ್ಲ.